ಹವಳದ ಬೇನೆ ಮತ್ತು ಅದರ ಚಿಕಿತ್ಸೆ

ಕಡಲನ್ನು ಕಾಣದ ನಾಡಿನಲ್ಲಿಯೂ ಹವಳವೆಂಬ ಮಾತು ಮನೆಮಾತಾಗಿದೆ. ಕೃಷ್ಣೆ ಮತ್ತು ತುಂಗಭದ್ರೆಯರ ನಡುವೆ ಹಬ್ಬಿ, ಹಿಂದೆ ಎಡೆದೊರೆನಾಡೆಂದು ಹೆಸರಾಗಿದ್ದ ಈ ರಾಯಚೂರು ಸೀಮೆಯಲ್ಲಿ, ಯಾಪಲದಿನ್ನಿಯಂಥ ಊರುಗಳಲ್ಲಿಯೂ, ಹೆಣ್ಣುಮಕ್ಕಳ ಕೊರಳ ಸರದಲ್ಲಿ ಹವಳವುಂಟು; ನವರತ್ನಗಳ ಎಣಿಕೆಯಲ್ಲಿ ಹವಳವುಂಟು; ಪಂಡಿತರ ಔಷಧದ ಪೆಟ್ಟಿಗೆಯಲ್ಲಿ ಪ್ರವಾಳ ಭಸ್ಮವೂ ಪ್ರವಾಳ ಪಿಷ್ಟಿಯೂ ಉಂಟು. ಸಂಸ್ಕೃತದ ಪ್ರವಾಳ ಶಬ್ದವು ಹಳಗನ್ನಡದಲ್ಲಿ ಪವಳವಾಯಿತು. ಪಾಲು ಹಾಲಾದಂತೆ, ಪಲ್ಲು ಹಲ್ಲಾದಂತೆ, ಪಕಾರವು ಹಕಾರವಾಗಿ ಪವಳವು ಹವಳವಾಯಿತು. ಪ್ರವಾಳವೆಂದರೆ ಚಿಗುರೆಂಬ ಅರ್ಥವೂ ಇದೆ. ಹವಳಕ್ಕಿರುವ ಇನ್ನೊಂದು ಹೆಸರಾದ ವಿದ್ರುಮದಲ್ಲಿ ದ್ರುಮ ಎಂಬ ಮರದ ಹೆಸರೇ ಅಡಗಿದೆ. ಕೊಂಬೆ ಕೊಂಬೆಯಾಗಿ ಕವಲೊಡೆಯುವ ಅದರ ಆಕಾರವನ್ನು ಕಂಡವರು ಅದನ್ನು ಗಿಡವೆಂದು ಬಗೆದುದು ಸಹಜವೇ ಸರಿ.

ಹೀಗೆ ಬಹುಕಾಲ ಔಷಧದ್ರವ್ಯವೆಂದು ಪರಿಗಣಿತವಾದ ಹವಳದ ಕುಲವೇ ಈಚಿನ ಅರ್ಧ ಶತಮಾನದಲ್ಲಿ ರೋಗಿಯ ಸ್ಥಾನಕ್ಕೆ ಬಂದು ನಿಂತಿದೆ. ಅದಕ್ಕೆ ಬರುವ ಬೇನೆಗಳಾವುವು, ಅವುಗಳಿಗೆ ಮನುಷ್ಯನು ಕಂಡುಕೊಂಡಿರುವ ಚಿಕಿತ್ಸೆ ಏನು, ಆ ಚಿಕಿತ್ಸೆಯ ಮಿತಿ ಎಲ್ಲಿದೆ ಎಂಬುದನ್ನು ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಪರಿಚಯ ಮಾಡಿಕೊಡುವುದು ಪ್ರಕೃತ ಲೇಖನದ ಉದ್ದೇಶ. ಈ ಚಿಕಿತ್ಸಾವಿದ್ಯೆಯ ಹೆಚ್ಚಿನ ಪಾಲು ಬೆಳೆದದ್ದು ಕಡಲಿನಲ್ಲಲ್ಲ, ಮತ್ಸ್ಯಾಲಯಗಳ ಗಾಜಿನ ತೊಟ್ಟಿಗಳಲ್ಲಿ ಎಂಬುದು ಗಮನಾರ್ಹ.

ಹವಳದ ಸ್ವರೂಪ

ಹವಳವು ಕಲ್ಲೂ ಅಲ್ಲ, ಗಿಡವೂ ಅಲ್ಲ, ಅದೊಂದು ಪ್ರಾಣಿ. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸ್ ದೇಶದ ಮಾರ್ಸೇಲ್ ನಗರದ ಪೇಸೊನೆಲ್ ಎಂಬ ವೈದ್ಯನು ಹವಳವನ್ನು ಕಡಲನೀರಿನಲ್ಲಿಯೇ ಇಟ್ಟು ನೋಡಿ, ಹೂವೆಂದು ಎಲ್ಲರೂ ಹೇಳುತ್ತಿದ್ದುದು ವಾಸ್ತವವಾಗಿ ಸಣ್ಣ ಪ್ರಾಣಿಗಳೆಂದು ಸಾರಿದನು. ಅಂದಿನ ವಿದ್ವಾಂಸರು ಅದನ್ನು ಕೂಡಲೇ ಒಪ್ಪಲಿಲ್ಲ. ಕಾಲಾಂತರದಲ್ಲಿ ಅವನ ಮಾತೇ ನಿಂತಿತು.

ಹವಳದ ಒಂದೊಂದು ಜೀವಿಯೂ ಒಂದು ಪುಟ್ಟ ಚೀಲದಂತಿದೆ. ಅದಕ್ಕೆ ಬಾಯಿ ಒಂದೇ. ಬಾಯಿಯ ಸುತ್ತ ಕರಬಳ್ಳಿಗಳು. ಆಹಾರ ಒಳಹೋಗುವುದೂ ಕಲ್ಮಷ ಹೊರಬರುವುದೂ ಆ ಒಂದೇ ದ್ವಾರದಿಂದ. ಇಂಥ ಸಾವಿರಾರು ಜೀವಿಗಳು ಒಟ್ಟುಗೂಡಿ, ನೀರಿನಲ್ಲಿ ಕರಗಿರುವ ಸುಣ್ಣದ ಅಂಶವನ್ನು ಹೀರಿ, ತಮ್ಮ ಅಡಿಯಲ್ಲಿ ಕಲ್ಲಿನ ಮನೆಯನ್ನು ಕಟ್ಟುತ್ತವೆ. ದಿಬ್ಬ ಕಟ್ಟುವ ಇಂಥ ಹವಳಗಳನ್ನು ಕಲ್ಲುಹವಳಗಳೆನ್ನುತ್ತಾರೆ. ಆಭರಣಕ್ಕೂ ಭಸ್ಮಕ್ಕೂ ಬಳಸುವ ಮೆಡಿಟರೇನಿಯನ್ ಸಮುದ್ರದ ಕೆಂಪು ಹವಳವು ಇವುಗಳ ದೂರದ ದಾಯಾದಿ.

ದಿಬ್ಬ ಕಟ್ಟುವ ಹವಳಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ವಾಸಿಸುತ್ತವೆ. ಅವು ಸೂರ್ಯನ ಬೆಳಕಿನಿಂದ ಆಹಾರವನ್ನು ತಯಾರಿಸಿ ಅದರ ಬಹುಭಾಗವನ್ನು ಆಶ್ರಯ ಕೊಟ್ಟ ಹವಳಕ್ಕೆ ಒಪ್ಪಿಸುತ್ತವೆ. ಹವಳವು ಪ್ರತಿಯಾಗಿ ಅವುಗಳಿಗೆ ವಸತಿಯನ್ನೂ ತನ್ನ ಮೈಯ ತ್ಯಾಜ್ಯಗಳಲ್ಲಿರುವ ಸತ್ತ್ವವನ್ನೂ ಕೊಡುತ್ತದೆ. ಹವಳದ ಬಣ್ಣಕ್ಕೂ ಬಲಕ್ಕೂ ಈ ಒಕ್ಕಲುತನವೇ ಮುಖ್ಯ ಕಾರಣ. ಈ ಒಪ್ಪಂದ ಮುರಿದಾಗ ರೋಗವು ಹೊಸ್ತಿಲನ್ನು ದಾಟಿತೆಂದೇ ತಿಳಿಯಬೇಕು.

ನಿದಾನ

ಆಯುರ್ವೇದದಲ್ಲಿ ರೋಗವನ್ನು ಅರಿಯುವ ಐದು ಮಾರ್ಗಗಳನ್ನು ಹೇಳಿದೆ: ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ. ಇವುಗಳಲ್ಲಿ ಮೊದಲನೆಯದು ನಿದಾನ, ಎಂದರೆ ಕಾರಣದ ಶೋಧನೆ. ತೊಟ್ಟಿಯಲ್ಲಿರುವ ಹವಳದ ವಿಷಯದಲ್ಲಿ ನಿದಾನವು ನೀರಿನಿಂದಲೇ ಆರಂಭವಾಗಬೇಕು. ಮನುಷ್ಯನಿಗೆ ಉಸಿರಾಡುವ ಗಾಳಿ ಬೇರೆ, ಉಣ್ಣುವ ಅನ್ನ ಬೇರೆ, ಮಲಗುವ ಮನೆ ಬೇರೆ. ಹವಳಕ್ಕೆ ಇವೆಲ್ಲವೂ ನೀರೇ.

ಕಡಲಿನ ಒಂದು ಕಿಲೋಗ್ರಾಂ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿವೆ. ಒಂದು ಲೀಟರಿನಲ್ಲಿ 400 ಮಿಲಿಗ್ರಾಮಿಗೆ ತುಸು ಹೆಚ್ಚು ಕ್ಯಾಲ್ಸಿಯಂ ಇದೆ. ತೊಟ್ಟಿಯ ಉಷ್ಣತೆ ಸಾಮಾನ್ಯವಾಗಿ 24ರಿಂದ 27 ಡಿಗ್ರಿ ಸೆಲ್ಸಿಯಸ್‌ನ ಒಳಗಿರಬೇಕು. ಬೇಸಗೆಯಲ್ಲಿ 40 ಡಿಗ್ರಿಯನ್ನು ದಾಟುವ ರಾಯಚೂರಿನಂಥ ಊರಿನಲ್ಲಿ ಇದೊಂದೇ ನಿಯಮವನ್ನು ಪಾಲಿಸಲು ಎಷ್ಟು ವಿದ್ಯುತ್ತು, ಎಷ್ಟು ಎಚ್ಚರ ಬೇಕಾದೀತೆಂಬುದನ್ನು ಊಹಿಸಬಹುದು. ಬೋರವೆಲ್ಲಿನ ನೀರು ಇದಕ್ಕೆ ಸಲ್ಲದು. ಅದರಲ್ಲಿ ಕರಗಿರುವ ಅನ್ಯ ಲವಣಗಳನ್ನು ಸಂಪೂರ್ಣವಾಗಿ ಸೋಸಿ ತೆಗೆದ ಬಳಿಕವೇ ಸಮುದ್ರಲವಣವನ್ನು ಬೆರೆಸಬೇಕು. ಮಾನ್ವಿ, ಸಿಂಧನೂರುಗಳ ಕಾಲುವೆ ಬಯಲಿನ ರೈತರು ಸವಳು ಭೂಮಿಯ ಸಂಕಟವನ್ನು ಬಲ್ಲವರು. ಅಲ್ಲಿ ಉಪ್ಪು ಹೆಚ್ಚಾಗಿ ಬೆಳೆ ಕೆಡುತ್ತದೆ. ಹವಳಕ್ಕಾದರೋ ಉಪ್ಪು ಹೆಚ್ಚಾದರೂ ಕೇಡು, ಕಡಿಮೆಯಾದರೂ ಕೇಡು, ಇಂದು ಒಂದು ಅಳತೆ ನಾಳೆ ಒಂದು ಅಳತೆಯಾದರೆ ಎರಡಕ್ಕಿಂತಲೂ ಕೇಡು.

ಮೀನುಗಳ ಮಲದಿಂದಲೂ ಉಳಿದ ಆಹಾರದಿಂದಲೂ ನೀರಿನಲ್ಲಿ ಅಮೋನಿಯಾ ಹುಟ್ಟುತ್ತದೆ. ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟಾಗಿಯೂ ಅನಂತರ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಜೀವಿಗಳು ನೆಲೆಯೂರುವ ಮುನ್ನವೇ ಹವಳವನ್ನಿಟ್ಟರೆ ಅದು ಬದುಕುವುದು ದುರ್ಲಭ. ಮೀನಿನ ರೋಗಗಳಿಗೆ ಬಳಸುವ ತಾಮ್ರದ ಔಷಧಿಯು ಹವಳಕ್ಕೆ ವಿಷ. ಬೆಳಕನ್ನು ಒಮ್ಮೆಲೇ ಹೆಚ್ಚಿಸುವುದು, ಒಂದು ಜಾತಿಯ ಹವಳದ ಪಕ್ಕದಲ್ಲಿಯೇ ಅದನ್ನು ಕುಟುಕುವ ಇನ್ನೊಂದು ಜಾತಿಯನ್ನಿಡುವುದು, ನೀರಿನ ಓಟ ಕುಂದಿ ಮಡ್ಡಿ ಕೂರಲು ಬಿಡುವುದು ಇವೂ ರೋಗಕಾರಣಗಳೇ.

ರೂಪ

ಹವಳವು ನರಳಿ ಹೇಳಲಾರದು. ಅದರ ಬಣ್ಣ, ಮೈ, ಕರಬಳ್ಳಿಗಳ ಚಲನೆ ಇವುಗಳಿಂದಲೇ ಬೇನೆಯನ್ನು ಓದಬೇಕು. ಸದಾ ಅರಳುತ್ತಿದ್ದ ಕರಬಳ್ಳಿಗಳು ಕೆಲವು ದಿನ ಮುಚ್ಚಿಕೊಂಡೇ ಇರುವುದು, ಮೈಯಿಂದ ಲೋಳೆ ಅತಿಯಾಗಿ ಸುರಿಯುವುದು, ಬಣ್ಣ ಮಾಸುವುದು ಇವು ಪೂರ್ವರೂಪಗಳು. ಮುಂದೆ ಕಾಣುವ ಮುಖ್ಯ ರೂಪಗಳು ನಾಲ್ಕು.

ಮೊದಲನೆಯದು ಬಿಳಿಚಿಕೊಳ್ಳುವಿಕೆ. ತಾಪವೋ ಬೆಳಕೋ ಮಿತಿಮೀರಿದಾಗ ಹವಳವು ತನ್ನೊಳಗಿನ ಪಾಚಿಗಳನ್ನು ಹೊರದೂಡುತ್ತದೆ. ಆಗ ತಿಳಿಯಾದ ಮೈಯ ಮೂಲಕ ಒಳಗಿನ ಬಿಳಿಯ ಕಲ್ಲು ಕಾಣುತ್ತದೆ. ಈ ಸ್ಥಿತಿಯಲ್ಲಿ ಹವಳವು ಸತ್ತಿಲ್ಲ, ಉಪವಾಸವಿದೆ. ಬೇಗನೆ ತಂಪು ದೊರೆತರೆ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಬಣ್ಣ ಮರಳಬಹುದು.

ಎರಡನೆಯದು ಮೈ ಸುಲಿಯುವ ರೋಗ. ಇಲ್ಲಿ ಮಾಂಸವೇ ಕಲ್ಲಿನಿಂದ ಕಳಚಿ ಬೀಳುತ್ತದೆ. ಕೆಲವೊಮ್ಮೆ ಒಂದೆರಡು ದಿನಗಳಲ್ಲಿಯೇ ಇಡೀ ಕೊಂಬೆ ಬರಿದಾಗುತ್ತದೆ. ಕೆಲವೊಮ್ಮೆ ಬುಡದಿಂದ ಮೆಲ್ಲನೆ ಏರುತ್ತದೆ. ಬಿಳಿಚಿದ ಹವಳದಲ್ಲಿ ಮಾಂಸವುಂಟು, ಸುಲಿದ ಹವಳದಲ್ಲಿ ಮಾಂಸವಿಲ್ಲ ಎಂಬ ಭೇದವನ್ನು ಚಿಕಿತ್ಸಕನು ಭೂತಗನ್ನಡಿಯಿಂದ ನೋಡಿ ನಿಶ್ಚಯಿಸಿಕೊಳ್ಳಬೇಕು.

ಮೂರನೆಯದು ಕಂದು ಲೋಳೆಯ ರೋಗ. ಗಾಯಗೊಂಡ ಭಾಗದಲ್ಲಿ ಕಂದುಬಣ್ಣದ ಅಂಟು ಕಾಣಿಸಿಕೊಂಡು ಹಬ್ಬುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆ ಅಂಟಿನಲ್ಲಿ ರೋಮಗಳುಳ್ಳ ಏಕಕೋಶ ಜೀವಿಗಳು ಹವಳದ ಮಾಂಸವನ್ನು ನುಂಗುತ್ತಿರುವುದು ಕಾಣುತ್ತದೆ. ಇದು ನೆರೆಯ ಹವಳಗಳಿಗೂ ತಗಲುವಂಥದು.

ನಾಲ್ಕನೆಯದು ಪರೋಪಜೀವಿಗಳ ಬಾಧೆ. ಹವಳದ ಬಣ್ಣವನ್ನೇ ತಳೆದು ಅಂಟಿಕೊಂಡಿರುವ ಚಪ್ಪಟೆ ಹುಳುಗಳು, ಚಿಪ್ಪಿಲ್ಲದ ಸಣ್ಣ ಗೊಂಡೆಹುಳುಗಳು, ಚುಕ್ಕೆಯಷ್ಟೇ ಇರುವ ಕೆಂಪು ಕ್ರಿಮಿಗಳು ಈ ವರ್ಗಕ್ಕೆ ಸೇರುತ್ತವೆ.

ಇವಲ್ಲದೆ ಕಡಲಿನಲ್ಲಿ ಪಟ್ಟಿಯಾಗಿ ಹಬ್ಬುವ ರೋಗಗಳಿವೆ. ಮಧ್ಯ ಅಮೆರಿಕದ ಬೆಲೀಜ್ ಕರಾವಳಿಯ ಕಪ್ಪುಪಟ್ಟಿ ರೋಗವನ್ನು 1973ರಲ್ಲಿ ಆಂಟೋನಿಯಸ್ ಎಂಬ ವಿಜ್ಞಾನಿ ವರ್ಣಿಸಿದನು. ಭಾರತದ ಲಕ್ಷದ್ವೀಪದ ಕವರತ್ತಿಯ ಹವಳಗಳಲ್ಲಿ ಸತ್ತ ಭಾಗಕ್ಕೂ ಬದುಕಿದ ಭಾಗಕ್ಕೂ ನಡುವೆ ಗುಲಾಬಿ ಬಣ್ಣದ ಗೆರೆ ಮೂಡುವ ರೋಗವನ್ನು ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ರವೀಂದ್ರನ್ ಮತ್ತು ರಘುಕುಮಾರ್ ಅವರು 2002ರಲ್ಲಿ ಪ್ರಕಟಪಡಿಸಿದರು.

ಚಿಕಿತ್ಸಾಕ್ರಮ

ವೈದ್ಯ, ಔಷಧ, ಪರಿಚಾರಕ, ರೋಗಿ ಇವು ಚಿಕಿತ್ಸೆಯ ನಾಲ್ಕು ಪಾದಗಳೆಂದು ಚರಕಸಂಹಿತೆಯು ಹೇಳುತ್ತದೆ. ಹವಳದ ಚಿಕಿತ್ಸೆಯಲ್ಲಿ ವೈದ್ಯನೂ ಪರಿಚಾರಕನೂ ಒಬ್ಬನೇ ಆಗಿರುವುದುಂಟು. ಆದರೆ ನಾಲ್ಕು ಪಾದಗಳೂ ಊರಿ ನಿಲ್ಲಬೇಕಾದ ನೆಲ ನೀರು. ಆದುದರಿಂದ ಚಿಕಿತ್ಸೆಯ ಕ್ರಮ ಈ ರೀತಿ ಇರಬೇಕು.

1. ಪರೀಕ್ಷೆ. ಔಷಧಕ್ಕೆ ಕೈಹಾಕುವ ಮುನ್ನ ನೀರಿನ ಉಷ್ಣತೆ, ಲವಣಾಂಶ, ಕ್ಷಾರಗುಣ, ಅಮೋನಿಯಾ, ನೈಟ್ರೇಟುಗಳನ್ನು ಅಳೆದು ಬರೆದಿಡಬೇಕು. ದೋಷ ಕಂಡರೆ ಅದನ್ನು ಒಮ್ಮೆಲೇ ತಿದ್ದದೆ, ತೊಟ್ಟಿಯ ನೀರಿನ ಸ್ವಲ್ಪ ಭಾಗವನ್ನು ಮಾತ್ರ ದಿನ ಬಿಟ್ಟು ದಿನ ಬದಲಿಸುತ್ತ ಸರಿಪಡಿಸಬೇಕು. ಅನೇಕ ಬೇನೆಗಳು ಇಷ್ಟರಿಂದಲೇ ಹಿಮ್ಮೆಟ್ಟುತ್ತವೆ.

2. ಪ್ರತ್ಯೇಕೀಕರಣ. ರೋಗಿಯನ್ನು ಬೇರೆ ತೊಟ್ಟಿಗೆ ಸಾಗಿಸಬೇಕು. ಹೊಸದಾಗಿ ಬಂದ ಹವಳವು ಆರೋಗ್ಯವಾಗಿ ಕಂಡರೂ ಅದನ್ನು ನಾಲ್ಕರಿಂದ ಆರು ವಾರ ಬೇರೆಯಾಗಿಯೇ ಇಟ್ಟು ನೋಡುವುದು ಜಾಣತನ. ರೋಗಿಯ ತೊಟ್ಟಿಯಲ್ಲಿ ಬಳಸಿದ ಬಲೆ, ಚಿಮಟಿಗೆ, ಬಟ್ಟಲುಗಳನ್ನು ಇನ್ನೊಂದು ತೊಟ್ಟಿಯಲ್ಲಿ ಅದ್ದಬಾರದು.

3. ಸ್ನಾನ. ಅಯೋಡಿನ್ ದ್ರಾವಣದಲ್ಲಿ ಹವಳವನ್ನು ಕೆಲವು ನಿಮಿಷ ಮುಳುಗಿಸುವುದು ಬಹುಕಾಲದಿಂದ ನಡೆದುಬಂದಿರುವ ಉಪಾಯ. 1829ರಲ್ಲಿ ಫ್ರಾನ್ಸಿನ ಲೂಗೊಲ್ ಎಂಬ ವೈದ್ಯನು ಮನುಷ್ಯರಿಗಾಗಿ ಸಿದ್ಧಪಡಿಸಿದ ದ್ರಾವಣವೇ ಇದು. ಸ್ನಾನದ ನೀರು ತೊಟ್ಟಿಯ ನೀರಿನಷ್ಟೇ ಉಪ್ಪಾಗಿ, ಅಷ್ಟೇ ಬೆಚ್ಚಗಿರಬೇಕು. ಔಷಧದ ಪ್ರಮಾಣ ಸೀಸೆಯ ಮೇಲಿರುವಂತೆಯೇ ಇರಬೇಕು. ಸ್ನಾನವಾದ ಬಳಿಕ ಆ ನೀರನ್ನು ತೊಟ್ಟಿಗೆ ಸುರಿಯಲೇಬಾರದು. ಕಂದು ಲೋಳೆಯಿದ್ದರೆ ಮೊದಲು ಅದನ್ನು ಕೊಳವೆಯಿಂದ ಹೊರಗೆ ಹೀರಿ ತೆಗೆದು, ಅನಂತರ ಸ್ನಾನ ಮಾಡಿಸಬೇಕು. ಅಲುಗಾಡಿಸಿದರೆ ಅದು ನೀರಿನಲ್ಲಿ ಚೆದುರಿ ಇತರ ಹವಳಗಳ ಮೇಲೆ ಕೂರುತ್ತದೆ.

4. ಶಸ್ತ್ರಕ್ರಿಯೆ. ಮೈ ಸುಲಿಯುವುದು ನಿಲ್ಲದಿದ್ದರೆ ರೋಗದ ಗೆರೆಯಿಂದ ಆಚೆಗೆ, ಆರೋಗ್ಯವಾಗಿರುವ ಭಾಗದಲ್ಲಿಯೇ ಕತ್ತರಿಸಿ, ಉಳಿದ ತುಂಡನ್ನು ಹೊಸ ಕಲ್ಲಿನ ಮೇಲೆ ಅಂಟಿಸಬೇಕು. ಹವಳದ ಒಂದು ಚೂರು ಬದುಕಿದರೂ ಅದರಿಂದ ಹೊಸ ಸಮೂಹ ಬೆಳೆಯಬಲ್ಲುದು. ಗೆಣಿಕೆಯಿಂದ ಕಬ್ಬನ್ನು ಬೆಳೆಸುವ ನಾಡಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

5. ಕ್ರಿಮಿನಾಶನ. ಸ್ನಾನದಿಂದ ಬೆಳೆದ ಹುಳುಗಳು ಉದುರುತ್ತವೆ, ಮೊಟ್ಟೆಗಳು ಉಳಿಯುತ್ತವೆ. ಆದುದರಿಂದ ಮೊಟ್ಟೆಗಳನ್ನು ಕೆರೆದು ತೆಗೆದು, ವಾರಕ್ಕೊಮ್ಮೆಯಂತೆ ಹಲವು ಬಾರಿ ಸ್ನಾನವನ್ನು ಪುನರಾವರ್ತಿಸಬೇಕು. ಹತ್ತಿಯ ಕಾಯಿಕೊರಕದೊಡನೆ ಸೆಣಸುವ ರೈತನು ಒಂದೇ ಸಿಂಪಡಣೆಯನ್ನು ನಂಬಿ ಕೂರುವುದಿಲ್ಲ. ಕೆಂಪು ಕ್ರಿಮಿಗೆ ನಾಯಿಗಳಿಗೆ ಕೊಡುವ ಮಿಲ್ಬೆಮೈಸಿನ್ ಎಂಬ ಔಷಧಿ ನಾಟುತ್ತದೆ. ಆದರೆ ಅದು ತೊಟ್ಟಿಯ ಸೀಗಡಿ ಏಡಿಗಳನ್ನೂ ಕೊಲ್ಲುತ್ತದೆ.

6. ಪ್ರತಿಜೈವಿಕ ಔಷಧ. ಇದು ಕಟ್ಟಕಡೆಯ ಅಸ್ತ್ರ. ರೋಗಾಣುಗಳೊಡನೆ ಹವಳದ ಮೈಮೇಲಿರುವ ಹಿತಕಾರಿ ಜೀವಿಗಳೂ, ನೀರನ್ನು ಶುದ್ಧಿ ಮಾಡುವ ಜೀವಿಗಳೂ ಇದರಿಂದ ನಾಶವಾಗುತ್ತವೆ. ಬಳಸಿದ ನೀರನ್ನು ಚರಂಡಿಗೆ ಬಿಟ್ಟರೆ ಔಷಧಕ್ಕೆ ಬಗ್ಗದ ರೋಗಾಣುಗಳು ಹುಟ್ಟಿ, ಆ ಹಾನಿ ಕೊನೆಗೆ ಮನುಷ್ಯನಿಗೇ ತಟ್ಟುತ್ತದೆ. ಮನೆಯಲ್ಲಿ ಉಳಿದ ಗುಳಿಗೆಗಳನ್ನು ಪುಡಿಮಾಡಿ ತೊಟ್ಟಿಗೆ ಹಾಕುವುದು ಚಿಕಿತ್ಸೆಯೆನಿಸದು.

7. ಪಥ್ಯ. ಚೇತರಿಸಿಕೊಳ್ಳುತ್ತಿರುವ ಹವಳಕ್ಕೆ ಮಂದ ಬೆಳಕು, ಹದವಾದ ನೀರಿನ ಓಟ, ಅಲ್ಪವಾದ ಸೂಕ್ಷ್ಮ ಆಹಾರ, ಎಲ್ಲಕ್ಕಿಂತ ಮಿಗಿಲಾಗಿ ಬದಲಾಗದ ನೀರು ಬೇಕು. ಪ್ರತಿದಿನ ಮುಟ್ಟಿ ಸ್ಥಳ ಬದಲಿಸುವುದು ಅಪಥ್ಯ.

ಪರಿಚಾರಕನ ರಕ್ಷಣೆಯೂ ಮುಖ್ಯ. ಗುಂಡಿಯಾಕಾರದ ಕೆಲವು ಮೃದುಜಾತಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಅವುಗಳನ್ನು ಕತ್ತರಿಸುವಾಗ ಕೈಚೀಲ ಮತ್ತು ಕನ್ನಡಕ ಧರಿಸಬೇಕು. ಅವು ಅಂಟಿರುವ ಕಲ್ಲಿಗೆ ಬಿಸಿನೀರು ಸುರಿದರೆ ವಿಷದ ಹಬೆ ಉಸಿರಿಗೆ ಸೇರಿ ಪ್ರಾಣಾಪಾಯವಾದೀತು.

ತೊಟ್ಟಿಯಿಂದ ಕಡಲಿಗೆ

ಗಾಜಿನ ತೊಟ್ಟಿಗಳಲ್ಲಿ ಕಲಿತ ಈ ವಿದ್ಯೆ ಕಡಲಿಗೆ ಉಪಕಾರವಾದ ಸಂದರ್ಭವೊಂದುಂಟು. 2014ರಲ್ಲಿ ಅಮೆರಿಕದ ಫ್ಲಾರಿಡಾ ತೀರದಲ್ಲಿ, ಮಯಾಮಿ ನಗರದ ಸಮೀಪ, ಕಲ್ಲುಹವಳಗಳ ಮೈ ಸುಲಿಯುವ ಮಾರಿಯೊಂದು ಕಾಣಿಸಿಕೊಂಡಿತು. ಇಪ್ಪತ್ತಕ್ಕೂ ಹೆಚ್ಚು ಜಾತಿಯ ಹವಳಗಳಿಗೆ ತಗಲಿ, ಅನಂತರದ ವರ್ಷಗಳಲ್ಲಿ ಅದು ಕೆರಿಬಿಯನ್ ದ್ವೀಪಗಳಿಗೂ ಹಬ್ಬಿತು. ಅಲ್ಲಿನವರು ಮೂರು ಬಗೆಯಿಂದ ಅದನ್ನು ಎದುರಿಸಿದರು. ಮುಳುಗುಗಾರರು ನೀರಿನಡಿಗೆ ಇಳಿದು, ಮೆಲ್ಲನೆ ಕರಗುವ ಲೇಪದಲ್ಲಿ ಅಮಾಕ್ಸಿಸಿಲಿನ್ ಔಷಧಿಯನ್ನು ಬೆರೆಸಿ, ಒಂದೊಂದು ಹವಳದ ಗಾಯದ ಅಂಚಿಗೂ ಕೈಯಿಂದಲೇ ಹಚ್ಚಿದರು. ಲೇಪ ಹಚ್ಚಿದ ಗಾಯಗಳು ಬಹುಮಟ್ಟಿಗೆ ನಿಂತವು. ಆದರೆ ಅದೇ ಹವಳದ ಬೇರೆ ಕಡೆ ಹೊಸ ಗಾಯ ಏಳುವುದನ್ನು ಆ ಲೇಪ ತಡೆಯಲಿಲ್ಲ. ಎರಡನೆಯದಾಗಿ, ರೋಗಕ್ಕೆ ಬಗ್ಗದೆ ಉಳಿದ ಹವಳವೊಂದರ ಮೈಯಿಂದಲೇ ಹಿತಕಾರಿಯಾದ ಸೂಕ್ಷ್ಮಜೀವಿಯನ್ನು ಬೇರ್ಪಡಿಸಿ, ಅದು ರೋಗವನ್ನು ತಡೆಯಬಲ್ಲುದೆಂಬುದನ್ನು ಸ್ಮಿತ್‌ಸೋನಿಯನ್ ಸಂಸ್ಥೆಯ ವಿಜ್ಞಾನಿಗಳು 2023ರಲ್ಲಿ ಪ್ರಕಟಿಸಿದರು. ಮೂರನೆಯದಾಗಿ, ರೋಗ ಮುಟ್ಟದ ಹವಳಗಳನ್ನು ಮುಂಚೆಯೇ ಕಡಲಿನಿಂದ ಎತ್ತಿ, ಕಡಲಿಗೆ ಬಹುದೂರವಾದ ಒಳನಾಡಿನ ಮತ್ಸ್ಯಾಲಯ ಮೃಗಾಲಯಗಳಿಗೂ ಹಂಚಿ, ವಂಶ ಉಳಿಯುವಂತೆ ಮಾಡಿದರು. 2019ರಲ್ಲಿ ಫ್ಲಾರಿಡಾ ಅಕ್ವೇರಿಯಂನ ತೊಟ್ಟಿಯಲ್ಲಿ ಕಂಬಹವಳವೆಂಬ ಅಪರೂಪದ ಜಾತಿಯು ಮೊದಲ ಬಾರಿಗೆ ಸಂತಾನಬೀಜಗಳನ್ನು ಬಿಟ್ಟಿತು. ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂನಲ್ಲಿ, ಕಡಲಿನ ಋತುಮಾನವನ್ನೂ ಚಂದ್ರನ ಬೆಳಕನ್ನೂ ತೊಟ್ಟಿಯೊಳಗೆ ಅನುಕರಿಸಿ ಬೆಳೆಸಿದ ವಿದ್ಯೆಯೇ ಇದಕ್ಕೆ ನೆರವಾಯಿತು.

ನಮ್ಮ ಕಡಲು, ನಮ್ಮ ಹವಳ

ಕನ್ನಡ ನಾಡಿಗೂ ತನ್ನದೇ ಆದ ಹವಳವುಂಟು. ಉತ್ತರ ಕನ್ನಡ ಜಿಲ್ಲೆಯ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ಅರಬ್ಬೀ ಸಮುದ್ರದ ನಡುವೆ ನೇತ್ರಾಣಿ ದ್ವೀಪವಿದೆ. ಅದರ ಸುತ್ತಣ ಬಂಡೆಗಳ ಮೇಲೆ ಹವಳಗಳು ನೆಲೆಸಿವೆ. ಅವುಗಳ ಆಸರೆಯಲ್ಲಿ ಬಗೆಬಗೆಯ ಮೀನುಗಳಿವೆ. ಲಕ್ಷದ್ವೀಪಕ್ಕೂ ಕನ್ನಡ ಕರಾವಳಿಗೂ ಹಳೆಯ ನಂಟು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಅಮಿನದೀವಿ ದ್ವೀಪಗಳು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಒಳಪಟ್ಟಿದ್ದವು. ಹವಳವೇ ಕಟ್ಟಿದ ಆ ನೆಲಗಳ ಕಾಗದಪತ್ರಗಳು ಆಗ ಮಂಗಳೂರಿಗೆ ಬರುತ್ತಿದ್ದವು.

ಭಾರತದಲ್ಲಿ ಕಲ್ಲುಹವಳಗಳೆಲ್ಲವನ್ನೂ 2001ರಲ್ಲಿ, 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಹುಲಿಗೂ ಆನೆಗೂ ಇರುವ ರಕ್ಷಣೆಯೇ ಅವಕ್ಕೂ ಇದೆ. ಆದುದರಿಂದ ನಮ್ಮ ಕಡಲಿನ ಹವಳವನ್ನು ಕಿತ್ತು ತಂದು ಮನೆಯ ತೊಟ್ಟಿಯಲ್ಲಿಡುವುದು ಅಪರಾಧ. ಮೇಲೆ ಹೇಳಿದ ಚಿಕಿತ್ಸಾಕ್ರಮವು ಅನುಮತಿ ಪಡೆದ ಸಂಶೋಧನಾಲಯಗಳಿಗೆ ಸಂಬಂಧಿಸಿದುದೆಂದು ವಾಚಕರು ಗ್ರಹಿಸಬೇಕು. ತಮಿಳುನಾಡಿನ ಮನ್ನಾರ್ ಖಾರಿಯಲ್ಲಿ ಹಿಂದೆ ಸುಣ್ಣಕ್ಕಾಗಿ ಹವಳದ ದಿಬ್ಬಗಳನ್ನೇ ಅಗೆಯುತ್ತಿದ್ದರು. ಅಲ್ಲಿಯೇ ತೂತ್ತುಕುಡಿಯ ಸುಗಂತಿ ದೇವದಾಸನ್ ಸಮುದ್ರ ಸಂಶೋಧನಾ ಸಂಸ್ಥೆಯು 2002ರಿಂದ ಹವಳದ ಚೂರುಗಳನ್ನು ಕಾಂಕ್ರೀಟು ಚೌಕಟ್ಟುಗಳಿಗೆ ಕಟ್ಟಿ ಮತ್ತೆ ನೆಡುವ ಕಾರ್ಯವನ್ನು ಕೈಗೊಂಡಿತು.

ಉಪಸಂಹಾರ

ಚಿಕಿತ್ಸೆಯ ಮಿತಿಯನ್ನು ಹೇಳದಿದ್ದರೆ ಈ ಪಾಠ ಅಪೂರ್ಣ. ತೊಟ್ಟಿಯ ನೀರು ಕಾದರೆ ಯಂತ್ರದಿಂದ ತಂಪು ಮಾಡಬಹುದು. ಕಡಲಿನ ನೀರು ಕಾದರೆ ಮಾಡುವುದೇನು? 1998, 2010, 2016ರ ಬೇಸಗೆಗಳಲ್ಲಿ ಭಾರತದ ಹವಳಗಳು ವ್ಯಾಪಕವಾಗಿ ಬಿಳಿಚಿಕೊಂಡವು. 2024ರಲ್ಲಿ ಲಕ್ಷದ್ವೀಪದ ಹವಳಗಳು ತೀವ್ರವಾಗಿ ಬಿಳಿಚಿರುವುದನ್ನು ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ವರದಿಮಾಡಿತು. ಅದೇ ವರ್ಷದ ಏಪ್ರಿಲ್ ತಿಂಗಳಿನಲ್ಲಿ ವಿಜ್ಞಾನಿಗಳು ಜಗತ್ತಿನ ನಾಲ್ಕನೆಯ ಸಾರ್ವತ್ರಿಕ ಬಿಳಿಚುವಿಕೆಯನ್ನು ಘೋಷಿಸಿದರು. ಇಂಥ ಬೇನೆಗೆ ಅಯೋಡಿನ್ ಸ್ನಾನವಿಲ್ಲ, ಲೇಪವಿಲ್ಲ, ಬೇರೆ ತೊಟ್ಟಿಯಿಲ್ಲ.

ಕಲ್ಲಿದ್ದಲು, ಎಣ್ಣೆಗಳ ಹೊಗೆಯಿಂದ ಗಾಳಿ ಕಾಯುತ್ತದೆ. ಗಾಳಿಯ ತಾಪದ ಬಹುಪಾಲನ್ನು ಕಡಲು ಹೀರುತ್ತದೆ. ಕಡಲಿನಿಂದ ಇಷ್ಟು ದೂರವಿರುವ ರಾಯಚೂರು ತಾಲ್ಲೂಕಿಗೂ ಈ ನಿದಾನದಲ್ಲಿ ಪಾಲುಂಟು. ಇದೇ ತಾಲ್ಲೂಕಿನ ಶಕ್ತಿನಗರದಲ್ಲಿ 1985ರಲ್ಲಿ ಆರಂಭವಾದ ಶಾಖೋತ್ಪನ್ನ ವಿದ್ಯುತ್ ಕೇಂದ್ರವು ನಾಡಿನ ಮನೆಗಳಿಗೆ ದೀಪವನ್ನೂ ಹೊಲಗಳಿಗೆ ನೀರನ್ನೂ ಒದಗಿಸಿದೆ. ಆ ಉಪಕಾರವನ್ನು ಮರೆಯುವುದು ಕೃತಘ್ನತೆ. ಆ ಬೆಳಕಿನ ಬೆಲೆಯ ಒಂದಂಶವನ್ನು ಎಲ್ಲಿಯೋ ಇರುವ ಹವಳವೂ ತೆರುತ್ತಿದೆಯೆಂಬುದನ್ನು ಅರಿಯದಿರುವುದು ಅಜ್ಞಾನ. ವಿದ್ಯುತ್ತನ್ನು ಮಿತವಾಗಿ ಬಳಸುವುದು, ಬಿಸಿಲು ಯಥೇಚ್ಛವಾಗಿರುವ ಈ ಸೀಮೆಯಲ್ಲಿ ಆ ಬಿಸಿಲಿನಿಂದಲೇ ದೀಪ ಉರಿಸುವುದು ಇವು ದೂರದ ಕಡಲಿಗೆ ಸಲ್ಲುವ ಪಥ್ಯಗಳು.

ಶಾಲೆಗಳಲ್ಲಿ ಹವಳದ ತೊಟ್ಟಿ ಸಾಧ್ಯವಲ್ಲ, ಸಾಧುವೂ ಅಲ್ಲ. ಆದರೆ ಸಿಹಿನೀರಿನ ಮೀನುಗಳ ಒಂದು ಸಣ್ಣ ತೊಟ್ಟಿ, ನೀರಿನ ಪರೀಕ್ಷೆಯ ಒಂದು ಪೆಟ್ಟಿಗೆ, ಒಂದು ಸೂಕ್ಷ್ಮದರ್ಶಕ ಇಷ್ಟಿದ್ದರೆ ಅಮೋನಿಯಾ ಹುಟ್ಟುವ ಬಗೆ, ಅದನ್ನು ಸೂಕ್ಷ್ಮಜೀವಿಗಳು ಮಾರ್ಪಡಿಸುವ ಬಗೆ, ತಾಪ ಏರಿದಾಗ ಜಲಚರಗಳು ತೋರುವ ಚಿಹ್ನೆ ಇವೆಲ್ಲವನ್ನೂ ಮಕ್ಕಳು ಕಣ್ಣಾರೆ ಕಾಣಬಹುದು. ವಿದ್ಯಾಸಂಸ್ಥೆಗಳ ಹಿತೈಷಿಗಳಾದ ದಾನಿಗಳು ಪ್ರಯೋಗಶಾಲೆಗೆ ನೆರವಾಗುವಾಗ ಇದನ್ನೂ ಗಮನಿಸಬಹುದು. ಪ್ರತಿದಿನ ಬೆಳಿಗ್ಗೆ ಒಬ್ಬ ವಿದ್ಯಾರ್ಥಿ ನೀರಿನ ಉಷ್ಣತೆಯನ್ನು ಅಳೆದು ಪುಸ್ತಕದಲ್ಲಿ ಬರೆಯುವ ಅಭ್ಯಾಸವು ಒಂದು ವರ್ಷ ನಡೆದರೆ, ರೋಗ ಬಂದ ಮೇಲೆ ಮದ್ದು ಹುಡುಕುವುದಕ್ಕಿಂತ ನೀರನ್ನು ಮೊದಲೇ ಕಾಯ್ದುಕೊಳ್ಳುವುದು ಲೇಸೆಂಬ ಪಾಠ ಅವರಿಗೆ ತಾನಾಗಿಯೇ ದಕ್ಕುತ್ತದೆ.